ವಯಸ್ಕರು: ಒಬ್ಬರು

ಆ ಮನೆಗೆ ಇಪ್ಪತ್ತೆರಡು ವರ್ಷಗಳಿಂದ ಯಾರೂ ಮೈಸಾಬೂನನ್ನು ಕಾಸು ಕೊಟ್ಟು ತಂದಿರಲಿಲ್ಲ. ಬಚ್ಚಲಿನ ಗೂಡು, ಅಡುಗೆಮನೆಯ ಸಿಂಕಿನ ಅಂಚು, ಬೀರುವಿನ ಕೆಳಗಿನ ಖಾನೆ, ಎಲ್ಲಿ ಕೈ ಹಾಕಿದರೂ ಬೆಂಕಿಪೊಟ್ಟಣದಷ್ಟು ಸಣ್ಣ ಹೋಟೆಲ್ ಸಾಬೂನುಗಳು. ಜೊತೆಗೆ ಹೆಬ್ಬೆರಳುದ್ದದ ಶಾಂಪೂ ಬಾಟಲಿಗಳು, ಎರಡೇ ದಿನಕ್ಕೆ ಅಟ್ಟೆ ಕಿತ್ತುಬರುವ ಬಿಳಿ ಚಪ್ಪಲಿಗಳು. ಗಂಡ ತಾನು ಅರ್ಧ ಬಳಸಿದ ಸಾಬೂನನ್ನೂ ಬಿಟ್ಟು ಬರುವವನಲ್ಲ. ಟಿಶ್ಯೂ ಕಾಗದದಲ್ಲಿ ಸುತ್ತಿ ತರುತ್ತಿದ್ದ. ಆ ಕಾಗದ ಸಾಬೂನಿಗೆ ಅಂಟಿಕೊಂಡು, ನೀರು ತಾಗಿದೊಡನೆ ಲೋಳೆಲೋಳೆಯಾಗಿ ಕೈಗೆ ಬರುತ್ತಿತ್ತು. ಒಂದು ಸಲ ಅದರಲ್ಲಿ ಉದ್ದನೆಯ ಕೂದಲೊಂದು ಸಿಕ್ಕಿತ್ತು. ಹೋಟೆಲಿನ ಟವೆಲ್ಲಿನದಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡರೂ ಹಲ್ಲಿನಕ್ಕನಿಗೆ ಅವತ್ತು ಊಟ ಸೇರಲಿಲ್ಲ.

ಹಲ್ಲಿನಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವಳು ಮನೆಯ ಮುಂದಿನ ಕೋಣೆಯಲ್ಲಿ ಕೂತು ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಮಾಡಿ, ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸಿ, ಪೂರ್ತಿ ಸೆಟ್ಟು ಕಟ್ಟಿ ಕಳಿಸುತ್ತಾಳೆ. ಊರವರ ಬಾಯೊಳಗಿನ ಹುಳುಕನ್ನೆಲ್ಲ ಕಂಡ ಹೆಂಗಸು. ಎಂಜಲು, ರಕ್ತದ ಕಲೆ, ಅಚ್ಚಿನ ಮೂಲೆಗೆ ಅಂಟಿ ಬಂದ ನಿನ್ನೆಯ ಅನ್ನದಗುಳು, ಯಾವುದಕ್ಕೂ ಮುಖ ಸಿಂಡರಿಸಿದವಳಲ್ಲ. ಆದರೆ ಆ ಸಣ್ಣ ಸಾಬೂನು ಕಂಡರೆ ಮಾತ್ರ ಮೈಯೆಲ್ಲ ಮುಳ್ಳೇಳುತ್ತಿತ್ತು.

ಗಂಡನದು ತೂಕದ ಯಂತ್ರಗಳ ಕಂಪನಿಯಲ್ಲಿ ಕೆಲಸ. ಊರೂರು ಅಲೆದು, ಕಾರ್ಖಾನೆಗಳಲ್ಲಿ ಲಾರಿ ತೂಗುವ ಯಂತ್ರ ಸರಿಯಾಗಿ ತೂಗುತ್ತಿದೆಯೇ ಎಂದು ನೋಡಿ ಮುದ್ರೆ ಒತ್ತಿ ಬರಬೇಕು. ಕೋಣೆಯ ಬಾಡಿಗೆ ಕಂಪನಿಯದು. ಉಳಿದ ಪ್ರತಿ ರಾತ್ರಿಗೂ ಹೋಟೆಲಿನವರು ಕೊಡುವ, ಮುಂದೆ ಪುಕ್ಕಟೆ ಕೋಣೆಯಾಗಿ ಒದಗುವ ಪಾಯಿಂಟು ಇವನದು. ಕಾರ್ಖಾನೆಯಿಂದ ಎಷ್ಟೇ ದೂರವಾಗಲಿ, ಅದೇ ಒಂದು ಹೆಸರಿನ ಹೋಟೆಲಿನಲ್ಲೇ ಉಳಿಯುತ್ತಿದ್ದ. ವರ್ಷಕ್ಕೆ ಐವತ್ತು ರಾತ್ರಿ ಮಲಗಿದರೆ ಪ್ಲಾಟಿನಂ ಕಾರ್ಡು. ಪ್ಲಾಟಿನಂ ಆದರೆ ಕೌಂಟರಿನಲ್ಲಿ ಬೇರೆ ಸಾಲು, ಕೋಣೆಯಲ್ಲಿ ಒಂದು ಸೇಬು, ಜೊತೆಗೆ ಅವನ ಹೆಸರು ಬರೆದ ಒಂದು ಚೀಟಿ. ಆ ಚೀಟಿಗಳನ್ನೂ ತಂದು ಜೋಡಿಸಿಟ್ಟಿದ್ದ. ಹಲ್ಲಿನಕ್ಕನ ತಂಗಿ ಅವನಿಗೆ 'ಪ್ಲಾಟಿನಂ ಭಾವ' ಎಂದು ಹೆಸರಿಟ್ಟಳು. ಅದು ಗೇಲಿ ಎಂದು ಆತನಿಗೆ ಇವತ್ತಿಗೂ ಗೊತ್ತಿಲ್ಲ.

ಇಷ್ಟನ್ನೂ ಹಲ್ಲಿನಕ್ಕ ಸಹಿಸಿದ್ದು ಒಂದು ಮಾತಿಗೋಸ್ಕರ. "ಎಲ್ಲಾ ನಿನಗೇ ಕಣೇ," ಎನ್ನುತ್ತಿದ್ದ ಗಂಡ. "ಕೆಲಸ ಮುಗಿದ ಮೇಲೆ ಒಂದು ತಿಂಗಳು ಸಮುದ್ರದ ಹೋಟೆಲಲ್ಲಿ ಇಬ್ರೂ ಇರೋದು. ಕಿಟಕಿ ತೆಗೆದ್ರೆ ನೀರು. ಕೈಯಿಂದ ಒಂದು ಕಾಸು ಬಿಚ್ಚೋ ಹಾಗಿಲ್ಲ." ಮದುವೆಯಾದಾಗಿನಿಂದ ಗಂಡನ ಜೊತೆ ಒಂದೇ ಒಂದು ರಾತ್ರಿ ಹೋಟೆಲಿನಲ್ಲಿ ಉಳಿದವಳಲ್ಲ ಅವಳು. ಸಮುದ್ರವನ್ನಂತೂ ಕಂಡೇ ಇಲ್ಲ. ಮಳಿಗೆಯೊಂದರಲ್ಲಿ ಅಗಲ ಅಂಚಿನ ಬಟ್ಟೆಯ ಟೋಪಿ ನೋಡಿ, ನಾಚಿಕೆಪಟ್ಟುಕೊಂಡೇ ಕೊಂಡು ತಂದಿದ್ದಳು. ಅದಕ್ಕೀಗ ಒಂಬತ್ತು ವರ್ಷ. ಬೀರುವಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಇದೆ.

ಕೆಲಸ ಅವರೆಣಿಸಿದ್ದಕ್ಕಿಂತ ಬೇಗ ಮುಗಿಯಿತು. ಯಂತ್ರಗಳನ್ನು ಕೂತಲ್ಲಿಂದಲೇ ಪರೀಕ್ಷಿಸುವ ವಿಧಾನ ಬಂದು ಕಂಪನಿ ಇವನನ್ನು ಮನೆಗೆ ಕಳಿಸಿತು. ಕಂಪನಿಯ ಫೋನು, ಅದರ ನಂಬರು, ಎರಡೂ ವಾಪಸು ಹೋದವು. ಐದು ತಿಂಗಳಿಂದ ಸೋಫಾದ ಮೇಲೆ ಕೂತು ಬೆಳಗಿನ ತಿಂಡಿಗೆ ಹತ್ತು ಬಗೆ ಇಲ್ಲವೆಂದು ಮೂಗು ಮುರಿಯುತ್ತಿದ್ದ. ಹಲ್ಲಿನಕ್ಕ ಎರಡು ಬಾರಿ ಸಮುದ್ರದ ಮಾತೆತ್ತಿದಳು. ಎರಡು ಬಾರಿಯೂ "ನೋಡೋಣ" ಎಂದ. ಮೂರನೆಯ ಬಾರಿ ಅವನೇ ಬಾಯಿಬಿಟ್ಟ.

"ಪಾಯಿಂಟೆಲ್ಲ ಮಾರಿಬಿಡ್ತೀನಿ."

ಅವಳು ಮೇಣ ಕಾಯಿಸುತ್ತಿದ್ದಳು. "ಏನು?"

"ಇದನ್ನ ಕಾಸಿಗೆ ತಗೊಳ್ಳೋರಿದಾರೆ. ಈ ವರ್ಷ ನನ್ನದು ಒಂದು ರಾತ್ರಿನೂ ಆಗಿಲ್ಲ. ಡಿಸೆಂಬರ್ ಮುಗಿದ್ರೆ ಪ್ಲಾಟಿನಂ ಹೋಯ್ತು, ಬೆಳ್ಳಿಗೆ ಇಳಿಸ್ತಾರೆ. ಬೆಳ್ಳಿ ಅಂದ್ರೆ ಎಲ್ಲರ ಜೊತೆ ಕ್ಯೂನಲ್ಲಿ ನಿಲ್ಲೋದು! ಇನ್ನೊಂದು ಹೋಟೆಲ್‌ನವರ ಕ್ಲಬ್ ಇದೆ, ಫೀ ಕಟ್ಟಿದ್ರೆ ನೇರವಾಗಿ ಡೈಮಂಡ್ ಕೊಡ್ತಾರೆ. ಇದನ್ನ ಮಾರಿ ಅದನ್ನ ಕಟ್ಟಿಬಿಡೋದು."

"ಹೋಟೆಲಿಗೆ ಹೋಗೋದೇ ಇಲ್ಲ, ಡೈಮಂಡ್ ಯಾಕೆ?"

"ಇರಲಿ ಅಂತ."

"ಮತ್ತೆ ಸಮುದ್ರ?"

"ಸಮುದ್ರ ಎಲ್ಲಿಗೆ ಓಡಿಹೋಗುತ್ತೆ? ಅದೂ ಅಲ್ದೆ ಪಾಯಿಂಟಲ್ಲಿ ಉಳಿದ ರಾತ್ರಿ ಕಾರ್ಡಿನ ಲೆಕ್ಕಕ್ಕೆ ಬರಲ್ಲ ಕಣೇ. ಒಂದು ತಿಂಗಳು ಇದ್ರೂ ದಂಡ." ಅವಳ ಮುಖ ನೋಡಿ ದನಿ ಏರಿಸಿದ. "ಅಷ್ಟಕ್ಕೂ ಪಾಯಿಂಟು ನಂದು. ಮಲಗಿದ್ದು ನಾನು."

ಮಲಗಿದ್ದು ನಾನು! ಯಾವ ಗಂಡಸಾದರೂ ಇದನ್ನು ದುಡಿಮೆ ಎಂದು ಹೇಳಿಕೊಂಡಾನೆಯೇ? ಇವನು ಹೇಳಿಕೊಂಡ, ಎದೆ ಮುಂದೆ ಮಾಡಿಕೊಂಡೇ ಹೇಳಿಕೊಂಡ. ಹಲ್ಲಿನಕ್ಕನ ಕೈಯಲ್ಲಿದ್ದ ಮೇಣ ತಣ್ಣಗಾಗಿ ಬಿರುಕು ಬಿಟ್ಟಿತು. ಮತ್ತೆ ಕಾಯಿಸಬೇಕಾಯಿತು.

ಮರುದಿನ ಪಾಯಿಂಟಿನ ದಲ್ಲಾಳಿ ಬಂದ. ಅವನಿಗಿಂತ ಮೊದಲು ಅವನ ಅತ್ತರು ಬಂತು. ಬೆರಳು ತುಂಬ ಉಂಗುರ, ಮಾತು ತುಂಬ "ಅಣ್ಣಾ". ಕಂಪ್ಯೂಟರ್ ಅಲ್ಲೇ ಇದ್ದುದರಿಂದ ಹಲ್ಲಿನಕ್ಕನ ಕೆಲಸದ ಕೋಣೆಯಲ್ಲಿಯೇ ಕೂತ. ಮೇಜಿನ ಮೇಲಿದ್ದ ದವಡೆಗಳ ಸಾಲು ಕಂಡು ಕಾಲು ಒಳಗೆಳೆದುಕೊಂಡು, ಅವಳು ಕೊಟ್ಟ ಚಹಾದ ಲೋಟದ ಅಂಚನ್ನು ಕರವಸ್ತ್ರದಿಂದ ಒರೆಸಿ ಕುಡಿದ.

"ಪಾಯಿಂಟು ನನ್ನ ಹೆಸರಿಗೆ ಬದಲಾಯಿಸೋಕಾಗಲ್ಲ ಅಣ್ಣಾ. ಹೋಟೆಲ್‌ನವರು ಬಿಡಲ್ಲ. ನಿಮ್ಮ ಖಾತೆಯಿಂದಲೇ ನನ್ನ ಗಿರಾಕಿಗಳಿಗೆ ಕೋಣೆ ಹಿಡಿಯೋದು. ಯಾರಾದ್ರೂ ಫೋನ್ ಮಾಡಿ ಕೇಳಿದ್ರೆ, ನಮ್ಮ ಚಿಕ್ಕಪ್ಪನ ಮಕ್ಕಳು ಅಂದ್ಬಿಡಿ."

"ಎಷ್ಟು ಜನ ಚಿಕ್ಕಪ್ಪನ ಮಕ್ಕಳು?" ಎಂದಳು ಹಲ್ಲಿನಕ್ಕ.

"ಹತ್ತು ಹನ್ನೆರಡು ಜೋಡಿ ಆಗಬಹುದಕ್ಕಾ," ಎಂದು ದಲ್ಲಾಳಿ ಹಲ್ಲು ಕಿರಿದ. ಕೆಳಗಿನ ಸಾಲಿನ ಎಡಗಡೆ ಎರಡು ಹಲ್ಲು ಹುಳುಕಾಗಿದ್ದವು. ಅವಳಿಗೆ ಅದೇ ಮೊದಲು ಕಂಡಿತು. "ಎಲ್ಲ ಒಂದೊಂದು ಮಧ್ಯಾಹ್ನಕ್ಕೆ ಅಷ್ಟೇ."

ಗಂಡನೂ ನಕ್ಕ. ಅವನ ಹೆಸರಿನಲ್ಲಿ ಹನ್ನೆರಡು ಜೋಡಿ ಹಾಸಿಗೆ ಹೊಲಸು ಮಾಡಿ ಹೋಗುವುದರಲ್ಲಿ ಅವನಿಗೆ ನಾಚಿಕೆಪಡುವಂಥದ್ದೇನೂ ಕಾಣಲಿಲ್ಲ. ಕಿಟಕಿ ತೆಗೆದರೆ ನೀರು ಎಂದು ಹಲ್ಲಿನಕ್ಕ ಇಷ್ಟು ವರ್ಷ ಕಣ್ಣು ಮುಚ್ಚಿ ನೋಡಿದ್ದ ಕೋಣೆ ಇದೇ ಏನು?

ದಲ್ಲಾಳಿಗೆ ಎರಡು ವಸ್ತು ಬೇಕಿತ್ತು. ಒಂದು, ಪ್ರತಿ ಬುಕಿಂಗಿಗೂ ಫೋನಿಗೆ ಬರುವ ಆರಂಕಿಯ ಸಂಖ್ಯೆ. ಕಂಪನಿಯ ನಂಬರು ಹೋದ ಮೇಲೆ ಗಂಡ ಖಾತೆಗೆ ಹೆಂಡತಿಯ ನಂಬರನ್ನೇ ಕೊಟ್ಟಿದ್ದ, ಹಾಗಾಗಿ ಅದು ಹಲ್ಲಿನಕ್ಕನ ಫೋನಿಗೆ ಬರುತ್ತದೆ. ಎರಡು, ಹಿಂದಿನ ಆರು ವರ್ಷ ಎಲ್ಲೆಲ್ಲಿ ಉಳಿದಿದ್ದ ಎಂಬ ಪಟ್ಟಿ. ಕದ್ದ ಪಾಯಿಂಟಾದರೆ ಹೋಟೆಲಿನವರು ಖಾತೆಗೆ ಬೀಗ ಜಡಿಯುತ್ತಾರಂತೆ. ಅದಕ್ಕೇ ದಲ್ಲಾಳಿ ಪಟ್ಟಿ ನೋಡದೆ ಮುಟ್ಟುವುದಿಲ್ಲ.

"ನಮ್ಮನೆಯವಳು ಪ್ರಿಂಟ್ ತೆಗೆದುಕೊಡ್ತಾಳೆ," ಎಂದ ಗಂಡ. ಅವಳ ಬಳಿ ದಂತವೈದ್ಯರಿಗೆ ಬಿಲ್ಲು ತೆಗೆಯುವ ಪ್ರಿಂಟರ್ ಇತ್ತು. ದಲ್ಲಾಳಿ ನಾಳೆ ಹನ್ನೊಂದಕ್ಕೆ ಬರುತ್ತೇನೆಂದು ಹೊರಟ ಮೇಲೆ ಅವಳಿಗೆ ಪಾಸ್‌ವರ್ಡ್ ಹೇಳಿ, ಹೆಮ್ಮೆಯಿಂದ ಸೇರಿಸಿದ: "ಪೂರ್ತಿ ತೆಗಿ. ಒಂದು ರಾತ್ರಿನೂ ಬಿಡಬೇಡ. ನೋಡ್ಲಿ ಅವನೂ."

ಅವಳು ಒಂದು ರಾತ್ರಿಯನ್ನೂ ಬಿಡಲಿಲ್ಲ.

ಹನ್ನೊಂದು ಹಾಳೆ ಬಂದವು. ಹಲ್ಲು ಕಟ್ಟುವವರಿಗೆ ಒಂದು ಚಾಳಿ ಇರುತ್ತದೆ, ಸಾಲಾಗಿ ಏನಿದ್ದರೂ ಎಡದಿಂದ ಬಲಕ್ಕೆ ಒಂದೊಂದನ್ನೇ ಮುಟ್ಟಿ ನೋಡುವುದು. ಹಾಗೆ ನೋಡುತ್ತ ಹೋದಳು. ಊರು, ತಾರೀಕು, ಕೋಣೆ, ವಯಸ್ಕರು: ಒಬ್ಬರು. ಊರು, ತಾರೀಕು, ಕೋಣೆ, ವಯಸ್ಕರು: ಒಬ್ಬರು. ಒಬ್ಬರು, ಒಬ್ಬರು ಎಂದೇ ಹಾಳೆಯ ಮೇಲೆ ಹಾಳೆ ಹೋಗುವುದನ್ನು ಕಂಡು ಅವಳಿಗೆ ಒಂದು ಗಳಿಗೆ ಅವನ ಬಗ್ಗೆ ಅಯ್ಯೋ ಎನ್ನಿಸಿತು. ಆಮೇಲೆ ಏಳನೆಯ ಹಾಳೆಯ ತಳದಲ್ಲಿ ಬೆರಳು ನಿಂತಿತು.

ನಾಲ್ಕು ವರ್ಷದ ಹಿಂದಿನ ಡಿಸೆಂಬರ್. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಸ್ಟೇಷನ್ ರಸ್ತೆಯ ಹೋಟೆಲು. ಯಾವ ಊರಿನ ಸ್ಟೇಷನ್ ರಸ್ತೆ? ಇದೇ ಊರಿನದು.

ಆ ತಾರೀಕುಗಳು ಅವಳಿಗೆ ಬಾಯಿಪಾಠ. ಇಪ್ಪತ್ತೆಂಟರ ಬೆಳಿಗ್ಗೆ ಅವಳ ಗರ್ಭಕೋಶ ತೆಗೆದಿದ್ದರು. ರಕ್ತ ನಿಲ್ಲದೆ ಎರಡನೆಯ ಸಲ ಒಳಗೆ ಒಯ್ದಿದ್ದರು. ಮೂರು ರಾತ್ರಿಯೂ ತಂಗಿಯೇ ಪಕ್ಕದಲ್ಲಿ ಕುರ್ಚಿಯ ಮೇಲೆ ಕೂತು ಕಳೆದಿದ್ದಳು. ಗಂಡ ದೂರದ ಸಿಮೆಂಟು ಕಾರ್ಖಾನೆಯಲ್ಲಿ ಸಿಕ್ಕಿಹಾಕಿಕೊಂಡಿದ್ದ. ಯಂತ್ರ ಕೆಟ್ಟು ಲಾರಿಗಳು ಸಾಲುಗಟ್ಟಿ ನಿಂತಿವೆ, ಬಿಟ್ಟುಬಂದರೆ ಕೆಲಸ ಹೋಗುತ್ತದೆ ಎಂದಿದ್ದ. ಆದರೂ ದಿನಾ ಸಂಜೆ ಫೋನು ಮಾಡುತ್ತಿದ್ದ. ಒಂದು ಸಂಜೆ ಫೋನಿನಲ್ಲಿ ರೈಲಿನ ಕೂಗು ಕೇಳಿಸಿತ್ತು. ಅದೇ ಹೊತ್ತಿಗೆ ಆಸ್ಪತ್ರೆಯ ಕಿಟಕಿಯಾಚೆಯೂ ರೈಲು ಕೂಗಿತ್ತು. "ಇಲ್ಲೂ ರೈಲು ಹೋಗ್ತಿದೆ ಕಣ್ರೀ," ಎಂದು ಅವಳು ಆ ನೋವಿನಲ್ಲೂ ಏನೋ ಖುಷಿಯಿಂದ ಹೇಳಿದ್ದಳು, ಇಬ್ಬರೂ ಒಟ್ಟಿಗೆ ಏನನ್ನೋ ಕೇಳಿದ ಹಾಗೆ. "ಎಲ್ಲ ಊರಲ್ಲೂ ರೈಲು ಇರುತ್ತೆ. ನೀನು ಮಲಕ್ಕೋ," ಎಂದಿದ್ದ.

ಆಸ್ಪತ್ರೆಯೂ ಸ್ಟೇಷನ್ ರಸ್ತೆಯಲ್ಲೇ ಇದ್ದದ್ದು. ಹೋಟೆಲಿಗೂ ಅದಕ್ಕೂ ನಡುವೆ ಒಂದು ಪೆಟ್ರೋಲ್ ಬಂಕು, ಒಂದು ಕನ್ನಡಕದ ಅಂಗಡಿ, ಅಷ್ಟೇ.

ಗಂಡ ಸೋಫಾದಲ್ಲಿ ಕಾಲು ಚಾಚಿ ಕೂತಿದ್ದ. ಅವಳು ಹಾಳೆಯನ್ನು ಅವನ ಮೂಗಿನ ಮುಂದೆ ಹಿಡಿದಳು. ಬಾಯಿಗೆ ಬಂದ ಮೊದಲ ಮಾತು ಯಾವ ಹೆಂಡತಿಗಾದರೂ ಬರುವಂಥದ್ದೇ.

"ಯಾರವಳು?"

ಅವನು ಕನ್ನಡಕ ಏರಿಸಿ ನೋಡಿದ. ತಾರೀಕು ಓದಿದ. ಮುಖ ಸ್ವಲ್ಪ ಬಿಳಿಚಿ, ಮತ್ತೆ ಮೊದಲಿನಂತಾಯಿತು. ಆಮೇಲೆ ಅವನಿಗೆ ನಿಜವಾಗಿ ಸಿಟ್ಟು ಬಂತು.

"ಛೀ! ನನ್ನನ್ನ ಏನಂದ್ಕೊಂಡಿದೀಯ? ಯಾರೂ ಇರ್ಲಿಲ್ಲ. ನೋಡು ಇಲ್ಲಿ, ಬರೆದಿದೆಯಲ್ಲ. ವಯಸ್ಕರು: ಒಬ್ಬರು. ಒಬ್ನೇ ಇದ್ದೆ."

"ಒಬ್ರೇ ಏನ್ ಮಾಡ್ತಿದ್ರಿ?"

"ಏನ್ ಮಾಡ್ತಾರೆ? ಮಲಗಿದ್ದೆ." ಸಣ್ಣ ಮಗುವಿಗೆ ವಿವರಿಸುವಂತೆ ವಿವರಿಸಿದ. "ಆ ವರ್ಷ ನಲವತ್ತೇಳಕ್ಕೆ ನಿಂತುಬಿಟ್ಟಿತ್ತು ಕಣೇ. ಕಾರ್ಖಾನೆಗಳೆಲ್ಲ ವರ್ಷದ ಕೊನೆಗೆ ಬಾಗಿಲು ಹಾಕಿದ್ವು. ಮೂರೇ ಮೂರು ರಾತ್ರಿ ಕಮ್ಮಿ. ಮೂರು ರಾತ್ರಿಗೋಸ್ಕರ ಪ್ಲಾಟಿನಂ ಬಿಟ್ಟುಕೊಡೋಕಾಗುತ್ತಾ? ಕೈಯಿಂದ ಹಾಕಿ ಉಳಿದೆ. ಮನೇಲಿ ಇದ್ದಿದ್ರೂ ಸುಮ್ನೆ ಕೂತಿರ್ತಿದ್ದೆ. ಆಸ್ಪತ್ರೇಲಿ ನಿನ್ನ ತಂಗಿ ಇದ್ಲು. ನೀನು ಹೇಗೂ ಮಂಪರಲ್ಲಿದ್ದೆ, ನಾನು ಬಂದ್ರೂ ಗೊತ್ತಾಗ್ತಿರ್ಲಿಲ್ಲ."

"ಬಂದ್ರೂ ಗೊತ್ತಾಗ್ತಿರ್ಲಿಲ್ಲ."

"ಹ್ಞೂಂ ಮತ್ತೆ. ಫೋನ್ ಮಾಡ್ತಿದ್ನಲ್ಲ ದಿನಾ."

ಹಲ್ಲಿನಕ್ಕ ಹಾಳೆಯನ್ನು ನೋಡಿದಳು, ಅವನನ್ನು ನೋಡಿದಳು. ಇನ್ನೊಬ್ಬಳಿದ್ದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅವಳಿಗೆ ಅನ್ನಿಸಿತು. ಅಳಬಹುದಿತ್ತು, ಜಗಳವಾಡಬಹುದಿತ್ತು, ತಂಗಿಯನ್ನು ಕೂರಿಸಿಕೊಂಡು ಆ ಹೆಂಗಸಿನ ಏಳು ತಲೆಮಾರನ್ನು ಬೈಯಬಹುದಿತ್ತು. ಅಲ್ಲಿ ಕೊನೆಪಕ್ಷ ಒಂದು ಆಸೆ ಅಂತ ಇರುತ್ತಿತ್ತು, ಒಂದು ತಪ್ಪು ಅಂತ ಇರುತ್ತಿತ್ತು. ಇಲ್ಲಿ ಇರುವುದೇನು? ಹೆಂಡತಿ ಬದುಕುತ್ತಾಳೋ ಇಲ್ಲವೋ ಎಂಬ ರಾತ್ರಿ ಪೆಟ್ರೋಲ್ ಬಂಕಿನಾಚೆ ಒಬ್ಬ ಗಂಡಸು ಬಿಳಿ ಚಪ್ಪಲಿ ಮೆಟ್ಟಿ, ಸೇಬು ತಿಂದು, ತನ್ನ ಹೆಸರಿನ ಚೀಟಿ ಓದಿಕೊಂಡು ನಿದ್ದೆ ಹೋಗಿದ್ದ. ನಿದ್ದೆ ಬಂದಿತ್ತು ಬೇರೆ!

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಬಚ್ಚಲಿನಲ್ಲಿ ಮೂರು ಹೊಸ ಸಾಬೂನು ಇದ್ದದ್ದು ಆಗ ನೆನಪಾಯಿತು. ಹೊಲಿಗೆ ಹಾಕಿದ ಹೊಟ್ಟೆಯನ್ನು ವಾರಗಟ್ಟಲೆ ಅದರಲ್ಲೇ ತೊಳೆದಿದ್ದಳು. ಹಲ್ಲಿನಕ್ಕ ಓಡಿಹೋಗಿ ಸಿಂಕಿನಲ್ಲಿ ವಾಂತಿ ಮಾಡಿಕೊಂಡಳು.

"ಏನಾಯ್ತೇ? ಪಿತ್ತ ಆಗಿರ್ಬೇಕು," ಎಂದು ಸೋಫಾದಿಂದಲೇ ಕೂಗಿದ ಗಂಡ. "ಪಟ್ಟಿ ಮೇಲೆ ನೀರು ಬಿದ್ದಿಲ್ಲ ತಾನೆ?"

ಮಾರನೆಯ ಬೆಳಿಗ್ಗೆ ಅವಳು ಎಂದಿನಂತೆ ಎದ್ದು, ಎಂದಿನಂತೆ ಮೂರು ಸೆಟ್ಟು ಹಲ್ಲಿಗೆ ಹೊಳಪು ಕೊಟ್ಟಳು. ಗಂಡ ಸ್ನಾನಕ್ಕೆ ಹೋದದ್ದನ್ನು ನೋಡಿ ಕಂಪ್ಯೂಟರಿನ ಮುಂದೆ ಕೂತಳು. ಪಾಯಿಂಟು ಅಲ್ಲೇ ಇದ್ದವು, ಮುಟ್ಟದೆ. ಸಮುದ್ರದ ಹೋಟೆಲಿನ ಚಿತ್ರವೂ ಇತ್ತು. ಕಿಟಕಿ, ನೀರು, ಹಾಸಿಗೆಯ ಮೇಲೆ ಹಂಸದಂತೆ ಮಡಚಿದ ಎರಡು ಟವೆಲು. ಮೂವತ್ತು ರಾತ್ರಿಗೆ ಸರಿಯಾಗಿ ಸಾಕಾಗುತ್ತಿತ್ತು. ಗಂಡನಿಗೆ ಹೇಳದೆ ತಂಗಿಯ ಜೊತೆ ಹೋಗಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಆದರೆ ಆ ಮೂವತ್ತರಲ್ಲಿ ಯಾವ ರಾತ್ರಿ ಆ ಮೂರರಿಂದ ಬಂದದ್ದು? ಯಾವ ಹಾಸಿಗೆಯ ಮೇಲೆ ಮಲಗಿದರೂ ಅದೇ ಹಾಸಿಗೆ ಎನ್ನಿಸುತ್ತಿತ್ತು. ಸಮುದ್ರವನ್ನೂ ಆ ಸಾಬೂನಿನಲ್ಲಿ ತೊಳೆದ ಹಾಗಾಗುತ್ತಿತ್ತು.

ಅವಳು ಆ ಚಿತ್ರ ಮುಚ್ಚಿ ಸ್ಟೇಷನ್ ರಸ್ತೆಯ ಹೋಟೆಲು ತೆರೆದಳು. ಅದು ಅಗ್ಗ. ಇದ್ದ ಪಾಯಿಂಟಿಗೆ ಅರವತ್ತೆರಡು ರಾತ್ರಿ ಬರುತ್ತಿತ್ತು. ಇವತ್ತಿನಿಂದ. ಗಂಡನ ಹೆಸರು. ವಯಸ್ಕರು ಎಷ್ಟು ಎಂದು ಕೇಳಿತು. ಒಬ್ಬರು ಎಂದು ಒತ್ತಿದಳು. ರದ್ದು ಮಾಡಿದರೆ ಪಾಯಿಂಟು ಹಿಂತಿರುಗುವುದಿಲ್ಲ, ಒಪ್ಪಿಗೆಯೇ ಎಂದು ಕೇಳಿತು. ಒಪ್ಪಿದಳು. ಅವಳ ಫೋನಿಗೆ ಆರಂಕಿ ಬಂತು. ಒಂದೊಂದನ್ನೇ ಮುಟ್ಟಿ ನೋಡಿ ತುಂಬಿದಳು.

ಹನ್ನೊಂದಕ್ಕೆ ಸರಿಯಾಗಿ ಅತ್ತರು ಬಂತು, ಹಿಂದೆಯೇ ದಲ್ಲಾಳಿ ಬಂದ. ಖಾತೆ ತೆರೆದು ನೋಡಿದ. ಮತ್ತೊಮ್ಮೆ ನೋಡಿದ.

"ಏನಣ್ಣಾ ತಮಾಷೆ? ಇದರಲ್ಲಿ ಸೊನ್ನೆ ಇದೆ."

"ನಾನೇ ಖರ್ಚು ಮಾಡಿದೆ," ಎಂದಳು ಹಲ್ಲಿನಕ್ಕ. "ನಿಮಗೆ ಕೆಳಗಡೆ ಎಡಭಾಗದಲ್ಲಿ ಎರಡು ಹಲ್ಲು ಹುಳುಕಾಗಿವೆ. ಬೇಗ ತೋರಿಸ್ಕೊಳ್ಳಿ. ಹೊರಡಿ."

ದಲ್ಲಾಳಿ ಒಮ್ಮೆ ಗಂಡನನ್ನು, ಒಮ್ಮೆ ಹೆಂಡತಿಯನ್ನು, ಒಮ್ಮೆ ಮೇಜಿನ ಮೇಲಿನ ದವಡೆಗಳನ್ನು ನೋಡಿ ಜಾಗ ಖಾಲಿ ಮಾಡಿದ.

ಗಂಡ ಬಾಯಿ ತೆರೆದುಕೊಂಡು ನಿಂತಿದ್ದ. "ಏನೇ ಮಾಡ್ದೆ? ಏನ್ ಮಾಡಿಟ್ಟಿದೀಯ?"

ಅವಳು ಒಳಗಿನಿಂದ ಅವನ ಚಕ್ರದ ಪೆಟ್ಟಿಗೆ ಎಳೆದು ತಂದು ಬಾಗಿಲಲ್ಲಿ ನಿಲ್ಲಿಸಿದಳು. ಮೇಲೊಂದು ಚೀಲ. ಅದರ ತುಂಬ ಸಾಬೂನು, ಶಾಂಪೂ, ಬಿಳಿ ಚಪ್ಪಲಿ, ಚೀಟಿಗಳು. ಮನೆಯ ಮೂಲೆಮೂಲೆ ಹುಡುಕಿ ಒಂದನ್ನೂ ಬಿಡದೆ ತುಂಬಿದ್ದಳು.

"ಸ್ಟೇಷನ್ ರಸ್ತೆ ಹೋಟೆಲ್ ನಿಮಗೆ ಗೊತ್ತಿದೆಯಲ್ಲ. ಅರವತ್ತೆರಡು ರಾತ್ರಿ ಹಿಡಿದಿದೀನಿ. ಎರಡು ಗಂಟೆಗೆ ಕೋಣೆ ಕೊಡ್ತಾರಂತೆ. ಹೋಗಿ ಮಲಕ್ಕೊಳ್ಳಿ."

"ನಿಂಗೇನು ತಲೆ ಕೆಟ್ಟಿದೆಯಾ? ಅಷ್ಟೂ ಪಾಯಿಂಟು... ಇಪ್ಪತ್ತೆರಡು ವರ್ಷದ್ದು!" ಅವನ ಕಣ್ಣಲ್ಲಿ ನೀರೇ ಬಂತು. ಅವಳು ಎರಡನೆಯ ಸಲ ಒಳಗೆ ಹೋಗಿ ಬದುಕಿ ಬಂದಾಗ ಬರದ ನೀರು ಅದು. "ಆಮೇಲೆ? ಅರವತ್ತೆರಡು ದಿನ ಆದ್ಮೇಲೆ?"

"ಆಮೇಲಿಂದು ಆಮೇಲೆ. ಈ ಮನೇಲಿ ನಿಮಗೆ ಹಾಸಿಗೆ ಇಲ್ಲ."

ಅವನು ಕೈ ಮುಗಿಯಲು ಹೊರಟನೋ, ಕೈ ಎತ್ತಲು ಹೊರಟನೋ ತಿಳಿಯಲಿಲ್ಲ. ಅಷ್ಟರಲ್ಲಿ ಅವಳ ಫೋನು ಟಿಂಗ್ ಎಂದಿತು. ಹೋಟೆಲಿನವರ ಸಂದೇಶ. ಹಲ್ಲಿನಕ್ಕ ಅದನ್ನು ಗಟ್ಟಿಯಾಗಿಯೇ ಓದಿದಳು. ಕೋಣೆ ಖಚಿತವಾಗಿದೆ, ಮರಳಿ ಸ್ವಾಗತ, ಈ ವರ್ಷದಿಂದ ಪಾಯಿಂಟಿನಲ್ಲಿ ಉಳಿದ ರಾತ್ರಿಗಳನ್ನೂ ಕಾರ್ಡಿನ ಲೆಕ್ಕಕ್ಕೆ ಹಿಡಿಯಲಾಗುತ್ತದೆ.

ಗಂಡನ ಕೈ ಅರ್ಧಕ್ಕೇ ನಿಂತಿತು. ತುಟಿ ಅಲ್ಲಾಡಿತು. ಅರವತ್ತೆರಡರಲ್ಲಿ ಐವತ್ತು ಕಳೆಯುತ್ತಿದ್ದ.

"ಹಾಗಾದ್ರೆ..." ಎಂದ. ಒದ್ದೆ ಕಣ್ಣಿನ ಆ ಮುಖದ ಮೇಲೆ ಒಂದು ಬೆಳಕು ಮೂಡಿತು. ಮದುವೆಯ ದಿನವೂ ಹಲ್ಲಿನಕ್ಕ ಅಂಥ ಬೆಳಕನ್ನು ಅಲ್ಲಿ ಕಂಡಿರಲಿಲ್ಲ. "ಹಾಗಾದ್ರೆ ಪ್ಲಾಟಿನಂ ಹೋಗಲ್ಲ?"

"ಹೋಗಲ್ಲ," ಎಂದಳು.

ಅವನು ಪೆಟ್ಟಿಗೆಯ ಹಿಡಿ ಮೇಲಕ್ಕೆಳೆದ. ಚೀಲವನ್ನು ಹೆಗಲಿಗೆ ಹಾಕಿಕೊಂಡ. ಮೆಟ್ಟಿಲಿಳಿದು, ಏನೋ ನೆನಪಾದವನಂತೆ ಹಿಂತಿರುಗಿ ನೋಡಿ, ಕಾರ್ಡು ಜೇಬಿನಲ್ಲಿದೆಯೇ ಎಂದು ತಟ್ಟಿ ನೋಡಿಕೊಂಡು ಹೊರಟ. ಪೆಟ್ಟಿಗೆಯ ಚಕ್ರಗಳ ಗರಗರ ಬೀದಿಯ ತಿರುವಿನವರೆಗೂ ಕೇಳಿಸಿತು.

ಹಲ್ಲಿನಕ್ಕ ಬಾಗಿಲು ಹಾಕಿ ಬಚ್ಚಲಿಗೆ ಹೋದಳು. ಗೂಡು ಖಾಲಿಯಿತ್ತು. ಬಟ್ಟೆ ಒಗೆಯುವ ದೊಡ್ಡ ಸಾಬೂನಿನ ಗಟ್ಟಿ ಕೈಗೆತ್ತಿಕೊಂಡು, ಮೊಣಕೈವರೆಗೆ ಹಚ್ಚಿ, ಚರ್ಮ ಕೆಂಪಾಗುವ ತನಕ ತೊಳೆದಳು.